ಏಳಕ್ಕೆ ಅಡ್ಡಗೀಟು: ಯಾವತ್ತೋ ಮುಗಿದ ಪ್ರೀತಿ ಈ ವಯಸ್ಸಿನಲ್ಲಿ ಯಾಕೆ ನೆನಪಾಗುತ್ತದೆ?

ಅಡ್ಡಗೀಟು:
ಎಲ್ಲರಿಗೂ ನಮಸ್ಕಾರ. ನನಗೆ 62 ವರ್ಷ. ಇದೊಂದು ವಿಷಯ ಕೇಳುವುದಕ್ಕೆಂದೇ ಬೇರೆ ಹೆಸರಲ್ಲಿ ಖಾತೆ ಮಾಡಿಕೊಂಡಿದ್ದೇನೆ, ಬೈಯಬೇಡಿ.

ಕಳೆದ ವಾರ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಳು. ಅವಳು 7 ಬರೆದು ಅದರ ಸೊಂಟಕ್ಕೆ ಒಂದು ಅಡ್ಡಗೀಟು ಎಳೆಯುತ್ತಾಳೆ. ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಇದೇನು?' ಎಂದು ಬರೆದಿದ್ದರು. 'ಅಪ್ಪ ಹೀಗೇ ಬರೀತಾರೆ. ಅಪ್ಪನಿಗೆ ನೀನು ಹೇಳಿಕೊಟ್ಟಿದ್ದಂತೆ. ನಿನಗೆ ಯಾರು ಹೇಳಿಕೊಟ್ಟರು ಅಜ್ಜಿ?' ಅಂತ ಕೇಳಿದಳು. 'ಯಾರೂ ಇಲ್ಲ, ಸುಮ್ನೆ ರೂಢಿ ಆಯ್ತು' ಅಂದೆ.

ಸುಳ್ಳು. ಹೇಳಿಕೊಟ್ಟವನು ಒಬ್ಬನಿದ್ದ. ನನಗಾಗ 21, ಅವನಿಗೆ 23. ಒಂದೇ ಆಫೀಸು, ಎದುರುಬದುರು ಮೇಜು. ಅವನ ರಿಜಿಸ್ಟರಿನಲ್ಲಿ ಪ್ರತಿ ಏಳಕ್ಕೂ ಗೀಟು ಇರುತ್ತಿತ್ತು. ಮೊದಲು ನಕ್ಕೆ. ಆಮೇಲೆ ನಾನೂ ಶುರು ಮಾಡಿದೆ. ಎರಡು ವರ್ಷದ ಒಡನಾಟ. ನಮ್ಮ ಕಥೆಯಲ್ಲಿ ವಿಲನ್ ಯಾರೂ ಇಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾಕೆಂದರೆ ನಾವು ಯಾರನ್ನೂ ಕೇಳಲೇ ಇಲ್ಲ. ಅವನಿಗೆ ದೂರದ ಊರಿಗೆ ವರ್ಗ ಆಯ್ತು. ವಾರಕ್ಕೊಂದು ಬರುತ್ತಿದ್ದ ಪತ್ರ ತಿಂಗಳಿಗೊಂದು ಆಯ್ತು, ಆಮೇಲೆ ನಿಂತೇ ಹೋಯ್ತು. ಕೊನೆಯ ಪತ್ರಕ್ಕೆ ಉತ್ತರ ಬರೆಯಬೇಕಾಗಿದ್ದವಳು ನಾನೇ. ನಾಳೆ ಬರೆದರಾಯ್ತು ಅಂದುಕೊಂಡೆ.

ಮದುವೆಯಾಗಿ 37 ವರ್ಷ. ಗಂಡನ ಬಗ್ಗೆ ದೂರು ಇಲ್ಲ, ಒಳ್ಳೆಯ ಮನುಷ್ಯ. ವಿಚಿತ್ರ ಅಂದರೆ ಆ ಹುಡುಗನ ಮುಖ ಎಷ್ಟು ನೆನಪು ಮಾಡಿಕೊಂಡರೂ ಬರುವುದಿಲ್ಲ. ಗೀಟು ಮಾತ್ರ ಕೈಯಲ್ಲಿ ಉಳಿದುಬಿಟ್ಟಿದೆ. ಮೊಮ್ಮಗಳು ಕೇಳಿದ ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಬೇರೆಯವರಿಗೂ ಹೀಗಾಗುತ್ತಾ? ಗಂಡನಿಗೆ ಹೇಳಲಾ? ಅವನು ಎಲ್ಲಿದ್ದಾನೆ ಅಂತ ಹುಡುಕಲಾ? ಅಥವಾ ತೆಪ್ಪಗೆ ಇದ್ದುಬಿಡಲಾ?

ಸುಮ್ನೆ_ಓದುಗ:
ಅಮ್ಮಾ, ಮೊದಲು ಹೇಳಿ, ಟೀಚರಿಗೆ ಏನು ಉತ್ತರ ಕೊಟ್ಟಿರಿ?

ಲೆಕ್ಕಾಚಾರಿ:
ವಿಷಯ ಬೇರೆ ಅಂತ ಗೊತ್ತು, ಆದರೂ ಹೇಳದೆ ಇರಲಾರೆ. ಏಳಕ್ಕೆ ಗೀಟು ಹಾಕುವುದು ತಪ್ಪಲ್ಲ. ಯುರೋಪಿನ ಎಷ್ಟೋ ದೇಶಗಳಲ್ಲಿ ಹಾಗೇ ಬರೆಯುತ್ತಾರೆ. ಅಲ್ಲಿ 1ಕ್ಕೆ ಮೇಲೆ ಉದ್ದ ಮೂಗು ಇರುತ್ತದೆ, ಗೀಟು ಇಲ್ಲದಿದ್ದರೆ ಅದೇ ಏಳರ ಹಾಗೆ ಕಾಣುತ್ತದೆ. ನಾನು 31 ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು. ಒಟ್ಟು ತಾಳೆಯಾಗದೆ 6, 60, 600 ಹೀಗೆ ವ್ಯತ್ಯಾಸ ಬಂದರೆ ಮೊದಲು ಒಂದು-ಏಳು ಹುಡುಕು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಒಂದು ಸಲ ಹೀಗೇ 600 ಹುಡುಕುತ್ತಾ ಮೂರು ಜನ ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ಆ ಹುಡುಗ ಒಳ್ಳೆಯ ಗುಮಾಸ್ತನೇ ಇರಬೇಕು.

ಅಡ್ಡಗೀಟು:
@ಲೆಕ್ಕಾಚಾರಿ ಇದನ್ನು ಓದಿ ನಗುವೂ ಬಂತು, ಒಂಥರಾ ಆಯ್ತು ಕೂಡ. ಇಷ್ಟು ವರ್ಷ ಆ ಗೀಟು ಅವನೊಬ್ಬನದೇ ಅಂದುಕೊಂಡಿದ್ದೆ. ಅರ್ಧ ಪ್ರಪಂಚವೇ ಹಾಗೆ ಬರೆಯುತ್ತದೆ ಅನ್ನಿ!

ಕಹಿಬೇವು:
ದೂರದ ಬೆಟ್ಟ ನುಣ್ಣಗೆ, ಅಷ್ಟೇ ಮೇಡಂ. ಅವನ ಜೊತೆ 37 ವರ್ಷ ಸಂಸಾರ ಮಾಡಿದ್ದರೆ ಇವತ್ತು ಏಳು ಕಂಡರೆ ಮೈ ಉರಿಯುತ್ತಿತ್ತು. 'ಈ ಮನುಷ್ಯ ಒಂದು ಅಂಕಿಯನ್ನೂ ನೆಟ್ಟಗೆ ಬರೆಯಲ್ಲ' ಅಂತ ಇಲ್ಲೇ ಬಂದು ದೂರು ಹೇಳುತ್ತಿದ್ದಿರಿ.

ಪುಸ್ತಕದ_ಹುಳು:
ಬೇರೆಯವರಿಗೂ ಹೀಗಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ತುಂಬಾ ಜನರಿಗೆ ಆಗುತ್ತೆ. ನಲವತ್ತು ದಾಟಿದವರನ್ನು ಕೂರಿಸಿ 'ನಿಮ್ಮ ಜೀವನದ ನೆನಪು ಹೇಳಿ' ಅಂದರೆ, ಹತ್ತರಿಂದ ಮೂವತ್ತು ವಯಸ್ಸಿನ ನಡುವಿನವು ಜಾಸ್ತಿ ಬರುತ್ತವೆ. ಮನೋವಿಜ್ಞಾನದವರು ಗ್ರಾಫ್ ಹಾಕಿ ನೋಡಿದರೆ ಆ ಜಾಗದಲ್ಲಿ ಗುಡ್ಡದ ಹಾಗೆ ಉಬ್ಬು ಕಾಣುತ್ತದೆ. ನಾನದಕ್ಕೆ ನೆನಪಿನ ಗುಡ್ಡ ಅಂತ ಹೆಸರಿಟ್ಟಿದ್ದೇನೆ. ಮೊದಲ ಕೆಲಸ, ಮೊದಲ ಸಂಬಳ, ಮೊದಲ ಪ್ರೀತಿ, ಎಲ್ಲ ಹೊಸದಾಗಿ ನಡೆಯುವುದು ಆಗಲೇ ಅಲ್ವಾ? ನಾವು ಯಾರು ಅಂತ ನಮಗೇ ಗೊತ್ತಾಗುವ ವಯಸ್ಸು ಅದು. ಹಾಗಾಗಿ ನಿಮ್ಮನ್ನು ಎಬ್ಬಿಸಿ ಕೂರಿಸಿದ್ದು ಅವನೋ ಇಲ್ಲ ನಿಮ್ಮ 21ನೇ ವಯಸ್ಸೋ ಅನ್ನುವುದು ನನ್ನ ಅನುಮಾನ.

ಇನ್ನೊಂದು. ಮುಗಿಸದೆ ಬಿಟ್ಟ ಕೆಲಸ ಮುಗಿಸಿದ್ದಕ್ಕಿಂತ ಜಾಸ್ತಿ ನೆನಪಿರುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನುವ ಸಂಶೋಧಕಿ 1927ರಲ್ಲೇ ಪ್ರಕಟಿಸಿದ್ದರು. ನಿಮ್ಮ ಕೊನೆಯ ಪತ್ರದ ಉತ್ತರ ಇನ್ನೂ ಬಾಕಿ ಇದೆ.

ಹಿಂದಿನ_ಬೆಂಚು:
ಹುಳು ಅವರೇ, ಹಾಗಿದ್ದರೆ ಆ ಆಫೀಸಿನ ಉಳಿದ ಹತ್ತು ಜನ ಯಾಕೆ ನೆನಪಾಗಲಿಲ್ಲ? ಅವರೂ ಅದೇ ಗುಡ್ಡದ ಮೇಲೆ ಇದ್ದರಲ್ಲ. ಎಲ್ಲಕ್ಕೂ ಗ್ರಾಫ್ ಹಾಕಬೇಡಿ. ಇಷ್ಟ ಇತ್ತು, ನೆನಪಿದೆ. ಅಷ್ಟೇ.

ಬಿಳಿಕೋಟು:
ಝೈಗಾರ್ನಿಕ್ ಪ್ರಯೋಗವನ್ನು ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲಿತಾಂಶ ಬರಲಿಲ್ಲ. ಅದೂ ಅವರು ಕೊಟ್ಟಿದ್ದು ಒಗಟು ಬಿಡಿಸುವಂಥ ಸಣ್ಣಪುಟ್ಟ ಕೆಲಸ. ಅದನ್ನು ತಂದು ನಲವತ್ತು ವರ್ಷದ ಹಳೆಯ ಪತ್ರಕ್ಕೆ ಅಂಟಿಸುವುದು ಸ್ವಲ್ಪ ಜಾಸ್ತಿ ಆಯ್ತು.

ಪುಸ್ತಕದ_ಹುಳು:
ಒಪ್ಪಿದೆ. ಪಶ್ಚಾತ್ತಾಪದ ಬಗ್ಗೆ ಮಾಡಿದ್ದು ಇನ್ನೂ ಗಟ್ಟಿ. ಗಿಲೋವಿಚ್ ಮತ್ತು ಮೆಡ್ವೆಕ್ 1994ರಲ್ಲಿ ತೋರಿಸಿದ್ದು: ಹತ್ತಿರದ ದಿನಗಳಲ್ಲಿ ನಾವು ಮಾಡಿದ ಎಡವಟ್ಟು ಚುಚ್ಚುತ್ತದೆ, ಬದುಕನ್ನು ಹಿಂತಿರುಗಿ ನೋಡುವಾಗ ಮಾಡದೆ ಬಿಟ್ಟದ್ದು ಚುಚ್ಚುತ್ತದೆ. ಮಾಡಿದ್ದಕ್ಕೆ ಒಂದು ಕೊನೆ ಇರುತ್ತದೆ. ಮಾಡದೆ ಬಿಟ್ಟದ್ದನ್ನು ಮನಸ್ಸು ದಿನಕ್ಕೊಂದು ಥರ ಮುಗಿಸುತ್ತಾ ಇರುತ್ತದೆ, ಅದೂ ಯಾವಾಗಲೂ ಚೆಂದಾಗಿಯೇ.

ಕಹಿಬೇವು:
ನಾನು ಎರಡು ಮಾತಲ್ಲಿ ಬೆಟ್ಟ ಅಂದೆ. ಇವರು ಎರಡು ಪ್ಯಾರಾ ಬರೆದು ಗುಡ್ಡ ಅಂದರು.

ಮರೆತ_ಛತ್ರಿ:
ಹುಡುಕುವುದರ ಬಗ್ಗೆ ನನ್ನ ಅನುಭವ ಹೇಳ್ತೀನಿ. ನಾನು ಗಂಡಸು, 66. ನಾಲ್ಕು ವರ್ಷದ ಕೆಳಗೆ ಹೆಂಡತಿ ತೀರಿಕೊಂಡಳು. ಒಂದು ವರ್ಷ ಕಳೆದ ಮೇಲೆ ಕಾಲೇಜಿನ ಕಾಲದ ಒಬ್ಬರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದೆ. ಸಿಕ್ಕಿದರು. ಒಂದು ಮೆಸೇಜ್ ಬರೆಯಲು ನಾಲ್ಕು ದಿನ ತಗೊಂಡೆ. ಬರೆದೆ, ಅಳಿಸಿದೆ, 'ನೀನು' ಅನ್ನಲಾ 'ನೀವು' ಅನ್ನಲಾ ಅಂತಲೇ ಒಂದು ದಿನ ಹೋಯ್ತು. ಕೊನೆಗೆ 'ನೀವು' ಅಂತಲೇ ಕಳಿಸಿದೆ.

ಎರಡು ವಾರ ಆದ ಮೇಲೆ ಉತ್ತರ ಬಂತು. 'ಕ್ಷಮಿಸಿ, ನೀವು ಯಾರು ಅಂತ ಸರಿಯಾಗಿ ಗೊತ್ತಾಗಲಿಲ್ಲ. ನಾವು ಒಟ್ಟಿಗೆ ಓದಿದ್ವಾ?'

ಮಳೆ, ಬಸ್ ನಿಲ್ದಾಣ, ನಾನು ಛತ್ರಿ ಕೊಟ್ಟು ನೆನೆದುಕೊಂಡು ಹೋಗಿದ್ದು, ಎಲ್ಲ ಬರೆದೆ. ಆಗ ಅವರು, 'ಓ ಛತ್ರಿ! ಅದು ನೀವಾ? ನಾನು ಇಷ್ಟು ವರ್ಷ ಬೇರೆ ಒಬ್ಬರು ಅಂದುಕೊಂಡಿದ್ದೆ' ಅಂತ ಹಲ್ಲು ಕಿರಿಯುವ ಎಮೋಜಿ ಕಳಿಸಿದರು. ಆ ಬೇರೆಯವನು ಯಾರು ಅಂತ ನನಗೆ ಗೊತ್ತು. ನನ್ನ ಪಕ್ಕದ ಬೆಂಚಿನವನು. ನಯಾಪೈಸೆ ಖರ್ಚಿಲ್ಲದೆ 40 ವರ್ಷ ಅವಳ ನೆನಪಿನಲ್ಲಿ ಒಳ್ಳೆಯವನಾಗಿ ಕೂತಿದ್ದಾನೆ.

ಹಿಂದಿನ_ಬೆಂಚು:
@ಮರೆತ_ಛತ್ರಿ ಅಣ್ಣಾ, ನಗಬಾರದು ಅಂತ ಎಷ್ಟು ಪ್ರಯತ್ನ ಪಟ್ಟೆ ಗೊತ್ತಾ.

ಮರೆತ_ಛತ್ರಿ:
ನಗಿ ನಗಿ. ನಾನೂ ಈಗ ನಗ್ತೀನಿ. ಆದರೆ ಒಂದು ನಷ್ಟ ಆಯ್ತು. ಮೊದಲು ಬೇಜಾರಾದಾಗ ಆ ಮಳೆ ನೆನಪು ಮಾಡಿಕೊಳ್ಳುತ್ತಿದ್ದೆ. ಈಗ ಮಳೆ ಬಂದರೆ ಎಮೋಜಿ ನೆನಪಾಗುತ್ತೆ.

ಹಿಂದಿನ_ಬೆಂಚು:
ಆದರೂ ಹುಡುಕಬೇಡಿ ಅಂತ ನಾನು ಹೇಳಲ್ಲ. ಅಮೆರಿಕದ ನ್ಯಾನ್ಸಿ ಕ್ಯಾಲಿಶ್ ಅನ್ನುವ ಮನೋವಿಜ್ಞಾನದ ಪ್ರೊಫೆಸರ್ 1993ರಿಂದ ಇದನ್ನೇ ಅಧ್ಯಯನ ಮಾಡಿದ್ದರು. ಹಳೆಯ ಪ್ರೀತಿಯನ್ನು ಮತ್ತೆ ಹುಡುಕಿ ಸೇರಿಕೊಂಡ ಸಾವಿರಕ್ಕೂ ಹೆಚ್ಚು ಜನರ ಉತ್ತರ ಸಿಕ್ಕಿತ್ತು. ಅವರಲ್ಲಿ ಶೇಕಡಾ 72 ಜನ ಒಟ್ಟಿಗೇ ಉಳಿದಿದ್ದರು. ನೋಡಿ!

ಬಿಳಿಕೋಟು:
ಅರ್ಧ ಹೇಳಿ ನಿಲ್ಲಿಸಬೇಡಿ ಮಾರಾಯ್ರೆ. ಅವರೆಲ್ಲ ತಾವಾಗಿಯೇ ಮುಂದೆ ಬಂದು ಪ್ರಶ್ನೆಪತ್ರ ತುಂಬಿದವರು. ಕೈಸುಟ್ಟುಕೊಂಡವನು ಯಾಕೆ ಬಂದು ತುಂಬುತ್ತಾನೆ? ಛತ್ರಿ ಅಣ್ಣ ತುಂಬುತ್ತಿದ್ದರಾ? ಆಮೇಲೆ ಇಂಟರ್‌ನೆಟ್ ಬಂದು, ಮದುವೆಯಾಗಿ ನೆಮ್ಮದಿಯಾಗಿದ್ದವರೂ ಸುಮ್ನೆ ಕುತೂಹಲಕ್ಕೆ ಹುಡುಕಲು ಶುರು ಮಾಡಿದ ಮೇಲೆ ಕಥೆ ಬದಲಾಯ್ತು. ಸಂಸಾರ ಇರುವವರು ಹುಷಾರು ಅಂತ ಆ ಪ್ರೊಫೆಸರೇ ಎಚ್ಚರಿಸಿದ್ದಾರೆ.

ಇಪ್ಪತ್ನಾಲ್ಕು:
ನಾನು ಇಲ್ಲಿ ಚಿಕ್ಕವಳು, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಬ್ರೇಕಪ್ ಆಗಿ ಮೂರು ತಿಂಗಳು. ಇದನ್ನೆಲ್ಲ ಓದಿ ಭಯ ಆಗ್ತಿದೆ. ಅಂದರೆ ನಾನು 62 ಆಗುವವರೆಗೂ ಹೀಗೇನಾ?

ಕಹಿಬೇವು:
ಇಲ್ಲ ಮಗೂ. ಈಗ ಇರುವುದು ಬೇರೆ, ಇವರು ಹೇಳುತ್ತಿರುವುದು ಬೇರೆ. ನಿನ್ನದು ಹಸಿ ಗಾಯ. ಇವರದು ಗಾಯ ಮಾಗಿದ ಮೇಲಿನ ಕಲೆ, ಚಳಿ ಬಿದ್ದಾಗ ಒಂಚೂರು ಕಡಿಯುತ್ತೆ, ಅಷ್ಟೇ. ಊಟ ಬಿಡಬೇಡ. ರಾತ್ರಿ ಹೊತ್ತು ಅವನ ಪ್ರೊಫೈಲ್ ನೋಡಬೇಡ.

ಸುಮ್ನೆ_ಓದುಗ:
ಕಹಿಬೇವು ಅವರಿಗೆ ಇವತ್ತು ಏನೋ ಆಗಿದೆ.

ಪುಸ್ತಕದ_ಹುಳು:
@ಇಪ್ಪತ್ನಾಲ್ಕು ಬೆಳಗೆದ್ದರೆ ಅದೇ, ಮಲಗಿದರೆ ಅದೇ ಅನ್ನುವ ಹುಚ್ಚು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಇರುತ್ತದೆ ಅಂತ ಡೊರೊಥಿ ಟೆನೊವ್ ಎಂಬ ಮನೋವಿಜ್ಞಾನಿ 1979ರಲ್ಲಿ ಅಂದಾಜು ಮಾಡಿದ್ದರು. ನಲವತ್ತು ವರ್ಷ ಅಲ್ಲ. ಧೈರ್ಯವಾಗಿರಿ.

ಇಪ್ಪತ್ನಾಲ್ಕು:
ಮೂರು ವರ್ಷಾನಾ?? ಇದು ಸಮಾಧಾನನಾ ಸಾರ್?

ಬಾಗಿಲ_ಬಳಿ:
ಗಂಡನಿಗೆ ಹೇಳಲಾ ಅಂದಿರಲ್ಲ, ಅದಕ್ಕೆ ಉತ್ತರಿಸುವ ಹಕ್ಕು ನನಗಿದೆ. ನಾನು ಆ ಕಡೆಯವಳು, ಕೇಳಿಸಿಕೊಂಡವಳು.

ಮದುವೆಯಾದ ಮೊದಲ ವರ್ಷವೇ ನನ್ನ ಗಂಡ ಎಲ್ಲ ಹೇಳಿದರು. ಪ್ರಾಮಾಣಿಕ ಮನುಷ್ಯ, ಮುಚ್ಚಿಡಬಾರದು ಅಂತ. ಒಂದು ರಾತ್ರಿ ಪೂರ್ತಿ ಮಾತಾಡಿದರು, ಅತ್ತರು, ಬೆಳಗ್ಗೆ ಹಗುರಾಗಿ ಎದ್ದು ಕೆಲಸಕ್ಕೆ ಹೋದರು. ಆ ಭಾರ ಎಲ್ಲಿಗೆ ಹೋಯ್ತು? ನನ್ನ ಹತ್ತಿರ ಬಂತು. ಈಗ 29 ವರ್ಷ. ಗಡ್ಡ ಮಾಡಿಕೊಳ್ಳುವಾಗ ಅವರು ಯಾವುದಾದರೂ ಹಳೆಯ ಹಾಡು ಗುನುಗಿದರೆ ನಾನು ಕನ್ನಡಿಯಲ್ಲಿ ಅವರ ಮುಖ ನೋಡ್ತೀನಿ. ಯಾವ ಹಾಡು ಇದು, ಆಗಿನದಾ, ನನ್ನ ಕಾಲದ್ದಾ? ಅವರಿಗೆ ಇದು ಗೊತ್ತೇ ಇಲ್ಲ. ಅವರು ಮರೆತಿದ್ದಾರೆ ಅಂತಲೇ ನನ್ನ ನಂಬಿಕೆ. ಆ ಹೆಂಗಸನ್ನು ಈ ಮನೆಯಲ್ಲಿ ನೆನಪಿಟ್ಟುಕೊಂಡಿರುವವಳು ನಾನೊಬ್ಬಳೇ.

ಹೇಳಬೇಡಿ ಮೇಡಂ.

ಹಿಂದಿನ_ಬೆಂಚು:
@ಬಾಗಿಲ_ಬಳಿ ನಿಮ್ಮ ನೋವು ಅರ್ಥ ಆಗುತ್ತೆ ಅಕ್ಕ, ಆದರೆ ಒಂದು ಪ್ರಶ್ನೆ. ಅವರು ಹೇಳದೆ ಇದ್ದು, ನಿಮಗೆ ಬೇರೆ ಯಾರಿಂದಲೋ ಗೊತ್ತಾಗಿದ್ದರೆ?

ಬಾಗಿಲ_ಬಳಿ:
ಆಗ ಜಗಳ ಆಡುತ್ತಿದ್ದೆ. ಜಗಳ ಆಡಿದ್ದರೆ ಮುಗಿಯುತ್ತಿತ್ತು. ಇವರು ಅಷ್ಟು ಒಳ್ಳೆಯತನದಿಂದ ಹೇಳಿದರು, ಜಗಳಕ್ಕೆ ಜಾಗವೇ ಬಿಡಲಿಲ್ಲ.

ಲೆಕ್ಕಾಚಾರಿ:
ನಲವತ್ತು ವರ್ಷ ಲೆಕ್ಕಕ್ಕೆ ಸೇರಿಸದೆ ಬಿಟ್ಟ ಒಂದು ರಸೀದಿ, ಈಗ ಎಲ್ಲ ಖಾತೆ ಮುಗಿಸುವ ಹೊತ್ತಲ್ಲಿ ಸಿಕ್ಕರೆ ಏನು ಮಾಡುವುದು? ನನ್ನ ಮೇಲಧಿಕಾರಿ ಆಗಿದ್ದರೆ, 'ಸಣ್ಣ ಮೊತ್ತ, ಬಿಟ್ಟುಬಿಡಿ' ಅನ್ನುತ್ತಿದ್ದರು. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೌನಿ58:
ಬರೆಯಲಾ ಬೇಡವಾ ಅಂತ ಎರಡು ದಿನದಿಂದ ನೋಡುತ್ತಿದ್ದೆ. ಹುಡುಕಲಾ ಅಂತ ಕೇಳಿದ್ದೀರಿ. ನಾನು ಹುಡುಕಲಿಲ್ಲ. ಎಲ್ಲೋ ಇದ್ದಾನೆ, ಚೆನ್ನಾಗಿದ್ದಾನೆ ಅಂದುಕೊಂಡರೆ ಸಾಕಿತ್ತು ನನಗೆ.

ಹೋದ ವರ್ಷ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಯಾರೋ ಸೇರಿಸಿದರು. ಅಲ್ಲಿ ಒಂದು ಗ್ರೂಪ್ ಫೋಟೋ. ನಾಲ್ಕು ತಲೆಗಳ ಮೇಲೆ ಯಾರೋ ಪುಟ್ಟ ಹೂವಿನ ಚಿತ್ರ ಅಂಟಿಸಿದ್ದರು. ತೀರಿಕೊಂಡವರು ಅಂತ ಗುರುತು. ಅದರಲ್ಲಿ ಅವನೂ ಒಬ್ಬ. ಆಗಲೇ ಎಂಟು ತಿಂಗಳಾಗಿತ್ತಂತೆ. ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿದ್ದರು, ನಾನೂ ಒಂದು ಹಾಕಿದೆ. ಮೂವತ್ತು ಜನರ ಮಧ್ಯೆ ಅದೇ ಒಂದು ಚಿಹ್ನೆ.

ಹೆಂಡತಿ ಬಂದು 'ಕಣ್ಣೇಕೆ ಕೆಂಪಾಗಿದೆ' ಅಂದಳು. ಫೋನ್ ಜಾಸ್ತಿ ನೋಡಿದೆ ಅಂದೆ. ನಾವಿಬ್ಬರೂ ಗಂಡಸರು, ಅವತ್ತಿನ ಕಾಲ, ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಯಾರ ಹತ್ತಿರ ಹೇಳಿಕೊಂಡು ಅಳಲಿ? ಹೇಳಲು ಹೋದರೆ ಶುರುವಿನಿಂದ ಹೇಳಬೇಕು.

ಮರೆತ_ಛತ್ರಿ:
ಮೌನಿ ಅವರೇ, ಇಲ್ಲಿ ಹೇಳಿಕೊಂಡಿರಲ್ಲ, ನಮಗೆ ಕೇಳಿಸಿತು. ನಿಮಗಾದ ನಷ್ಟಕ್ಕೆ ನನಗೆ ತುಂಬಾ ದುಃಖ ಆಯ್ತು.

ಇಪ್ಪತ್ನಾಲ್ಕು:
ನನಗೂ ಸಾರ್.

ಪುಸ್ತಕದ_ಹುಳು:
ಮೌನಿ ಅವರೇ, ಇದು ಪಾಂಡಿತ್ಯ ತೋರಿಸಲು ಅಲ್ಲ. ಯಾರೂ ಬಂದು ಸಂತಾಪ ಹೇಳದ, ಅಳುವ ಹಕ್ಕೇ ಇಲ್ಲ ಅನ್ನಿಸುವ ದುಃಖಕ್ಕೆ 1989ರಲ್ಲಿ ಕೆನೆತ್ ಡೋಕಾ ಅನ್ನುವವರು ಬೇರೆಯೇ ಹೆಸರು ಕೊಟ್ಟು ಬರೆದಿದ್ದಾರೆ. ಲೋಕ ಲೆಕ್ಕಕ್ಕೆ ತಗೊಳ್ಳದ ದುಃಖ ಅಂತ ಅರ್ಥ. ಹಳೆಯ ಪ್ರೇಮಿ, ಗುಟ್ಟಾಗಿ ಉಳಿದ ಸಂಬಂಧ, ಇವೆಲ್ಲ ಅದರಲ್ಲಿ ಬರುತ್ತವೆ. ದುಃಖ ಕಡಿಮೆ ಏನಲ್ಲ, ಹಂಚಿಕೊಳ್ಳಲು ಜನ ಇಲ್ಲ ಅಷ್ಟೇ.

ಮೌನಿ58:
ಇದಕ್ಕೂ ಹೆಸರು ಇದೆಯಾ? ಇಷ್ಟು ದಿನ ನಂದೇ ಏನೋ ದೌರ್ಬಲ್ಯ ಅಂದುಕೊಂಡಿದ್ದೆ. ಎಲ್ಲರಿಗೂ ಥ್ಯಾಂಕ್ಸ್.

ಕಹಿಬೇವು:
ಹುಳು ಅವರೇ, ಮೊದಲ ಸಲ ನಿಮ್ಮ ಪುಸ್ತಕ ಯಾರಿಗೋ ಉಪಯೋಗಕ್ಕೆ ಬಂತು.

ಹಿಂದಿನ_ಬೆಂಚು:
ಮತ್ತೆ ಗಂಡನ ವಿಷಯಕ್ಕೆ ಬರೋಣ. ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಕೇಳಿದ್ದೀರಾ? 1841ರಲ್ಲಿ ರೆಜೀನ್ ಓಲ್ಸನ್ ಎಂಬ ಹುಡುಗಿಯ ಜೊತೆ ನಿಶ್ಚಿತಾರ್ಥ ತಾನೇ ಮುರಿದ. ಅವಳು 1847ರಲ್ಲಿ ಬೇರೆಯವರನ್ನು ಮದುವೆಯಾದಳು. ಇವನು ಮದುವೆಯೇ ಆಗಲಿಲ್ಲ. 1855ರಲ್ಲಿ ಸತ್ತಾಗ ನೋಡಿದರೆ ತನ್ನದೆಲ್ಲ ಅವಳಿಗೆ ಅಂತ ಬರೆದಿಟ್ಟಿದ್ದ. ಅವಳು ಆಸ್ತಿ ಬೇಡ ಅಂದಳು. ಪತ್ರಗಳು, ಒಂದಷ್ಟು ಸಣ್ಣಪುಟ್ಟ ವಸ್ತು ಮಾತ್ರ ತಗೊಂಡಳು. ಗಂಡ 1896ರಲ್ಲಿ ತೀರಿಕೊಂಡ ಮೇಲೆ, ಮುದುಕಿಯಾಗಿ, ಪರಿಚಯದವರಿಗೆ ಆ ಹಳೆಯ ಕಥೆ ಹೇಳಿಕೊಂಡಳು. 55 ವರ್ಷ ಆಗಿತ್ತು. ಹೇಳಲು ಅವಸರ ಏನೂ ಇಲ್ಲ ಅನ್ನುವುದಕ್ಕೆ ಹೇಳಿದೆ.

ಬಿಳಿಕೋಟು:
ಅವಳ ಗಂಡನಿಗೆ ಮೊದಲಿಂದಲೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ನಿಶ್ಚಿತಾರ್ಥ ಅದು. ಉದಾಹರಣೆ ಸರಿಹೋಗಲ್ಲ.

ಹಿಂದಿನ_ಬೆಂಚು:
ನಿಮ್ಮ ಜೊತೆ ಸಂಸಾರ ಮಾಡುವವರಿಗೆ ನನ್ನ ನಮಸ್ಕಾರ ತಿಳಿಸಿ.

ಅಡ್ಡಗೀಟು:
ಎಲ್ಲವನ್ನೂ ಓದಿದೆ. ಬಾಗಿಲ ಬಳಿ ಅವರು ಬರೆದದ್ದನ್ನು ಮೂರು ಸಲ ಓದಿದೆ. ಹೇಳಬಾರದು ಅಂತಲೇ ತೀರ್ಮಾನ ಮಾಡಿದ್ದೆ. ನಿನ್ನೆ ಸಂಜೆ ಹೇಳಿಬಿಟ್ಟೆ.

ಇಬ್ಬರೂ ಕೂತು ಒಂದು ಅರ್ಜಿ ತುಂಬುತ್ತಿದ್ದೆವು. ನನ್ನ ಕೈ ಈಚೆಗೆ ನಡುಗುತ್ತೆ, ಅವರೇ ಬರೆಯುವುದು. ಫೋನ್ ನಂಬರಿನಲ್ಲಿ ಏಳು ಬಂತು, ಅಡ್ಡಗೀಟು ಎಳೆದರು. ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. 'ನಿಮಗೆ ಈ ಗೀಟು ಎಲ್ಲಿಂದ ಬಂತು?' ಅಂದೆ. 'ನಿನ್ನಿಂದ' ಅಂದರು. 'ನನಗೆ ಎಲ್ಲಿಂದ ಬಂತು ಗೊತ್ತಾ?' ಅಂದೆ. ಬಾಯಿಂದ ಹೊರಗೆ ಬಂದೇಬಿಟ್ಟಿತ್ತು.

ಹೇಳಲು ಹೋದರೆ ಒಂದು ರಾತ್ರಿ ಬೇಕು ಅಂದುಕೊಂಡಿದ್ದೆ. ಐದು ವಾಕ್ಯದಲ್ಲಿ ಮುಗಿದುಹೋಯ್ತು. ಆಫೀಸು, ಎದುರು ಮೇಜು, ವರ್ಗ, ಪತ್ರ, ನಾನು ಉತ್ತರ ಬರೆಯಲಿಲ್ಲ. ಅವರು ಪೆನ್ನು ಕೆಳಗಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು 'ಅವನ ಅಕ್ಷರ ಚೆನ್ನಾಗಿತ್ತಾ?' ಅಂದರು. 'ಹೂಂ' ಅಂದೆ. 'ನಿನ್ನ ಹುಟ್ಟಿದ ದಿನಾಂಕ ಹೇಳು' ಅಂದರು. ಅವರಿಗೆ ಗೊತ್ತಿಲ್ಲದ್ದೇನಲ್ಲ. ಹದಿನೇಳು ಅಂದೆ. 1 ಬರೆದರು, 7 ಬರೆದರು, ಒಂದು ಕ್ಷಣ ನಿಂತರು. ಆಮೇಲೆ ಗೀಟು ಹಾಕಿದರು. ಸ್ವಲ್ಪ ಒತ್ತಿಯೇ ಹಾಕಿದರು. ಕಾಗದದ ಹಿಂಬದಿ ಮುಟ್ಟಿದರೆ ಕೈಗೆ ಸಿಗುತ್ತೆ.

ಹುಡುಕುವುದಿಲ್ಲ ಅಂದುಕೊಂಡಿದ್ದೇನೆ. ಸದ್ಯಕ್ಕೆ.

ಬಾಗಿಲ_ಬಳಿ:
ಒತ್ತಿ ಹಾಕಿದರು ಅಂದಿರಲ್ಲ, ಅದನ್ನು ಲಘುವಾಗಿ ತಗೋಬೇಡಿ ಮೇಡಂ. ಅವರು ಇನ್ನು ಏನೂ ಕೇಳದೆ ಇರಬಹುದು. ನೀವೇ ಒಂದು ದಿನ, ಅವರು ಸುಮ್ಮನೆ ಕೂತಿದ್ದಾಗ, ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ.

ಅಡ್ಡಗೀಟು:
ಕೇಳ್ತೀನಿ ಅಕ್ಕ. ಖಂಡಿತ.

ಕಹಿಬೇವು:
'ಅವನ ಅಕ್ಷರ ಚೆನ್ನಾಗಿತ್ತಾ' ಅಂತ ಕೇಳಿದ ಮನುಷ್ಯನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕಲು ಹೊರಟಿದ್ದಿರಾ ನೀವು?

ಇಪ್ಪತ್ನಾಲ್ಕು:
ನಾನು ಇವತ್ತು ಪ್ರೊಫೈಲ್ ನೋಡಲಿಲ್ಲ. ಹೇಳಬೇಕು ಅನ್ನಿಸಿತು, ಅಷ್ಟೇ.

ಸುಮ್ನೆ_ಓದುಗ:
ಎಲ್ಲ ಸರಿ, ಟೀಚರಿಗೆ ಏನು ಹೇಳಿದಿರಿ ಅಂತ ಮೊದಲ ದಿನವೇ ಕೇಳಿದ್ದೆ. ಮಗುವಿಗೆ ಮಾರ್ಕ್ಸ್ ಕಟ್ ಆಯ್ತಾ?

ಅಡ್ಡಗೀಟು:
ಅಯ್ಯೋ ಮರೆತೇಬಿಟ್ಟೆ! ಇವತ್ತು ಒಂದು ಚೀಟಿ ಬರೆದು ಕಳಿಸಿದೆ. ಲೆಕ್ಕಾಚಾರಿ ಅವರು ಇಲ್ಲಿ ಹೇಳಿದ್ದನ್ನೇ ಬರೆದೆ, ಮೂಗಿರುವ ಒಂದು, ಗೀಟಿರುವ ಏಳು, ಎಲ್ಲ. ಅರ್ಧ ಮಾರ್ಕು ವಾಪಸ್ ಬರಬಹುದು.

ಲೆಕ್ಕಾಚಾರಿ:
ಚೀಟಿಗೆ ದಿನಾಂಕ ಹಾಕಿದ್ದೀರಿ ತಾನೇ? ಏಳು ಇತ್ತಾ?

ಅಡ್ಡಗೀಟು:
ಇತ್ತು. ಇವತ್ತು 27.